ಏಳನೆಯ ನಿಮಿಷದ ಗುಡ್ಡ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಇಂದುಮತಿ ಹಂಚಿನಮನಿಯ ಕೈಗೆ ಒಂದು ಕಾಗದ ಬಂತು. ಆರು ವರ್ಷಗಳಲ್ಲಿ ಆಕೆಗೆ ಬಂದ ಮೊದಲ ಕಾಗದ ಅದು. ಅದೂ ಆಕೆಯ ಹೆಸರಿಗೆ ಬಂದದ್ದಲ್ಲ. ಮೇಲೆ "ರಕ್ತ ನೋಡುವ ಸಾಹೇಬರಿಗೆ" ಎಂದು ಬರೆದಿತ್ತು. ರಕ್ತದ ಸೀಸೆಗಳ ಪೆಟ್ಟಿಗೆಯಲ್ಲಿ ಯಾರೋ ಕರುಣೆಯುಳ್ಳ ನರ್ಸಮ್ಮ ಅದನ್ನು ತುರುಕಿ ಕಳಿಸಿದ್ದಳು. ಆದರೂ ಇಂದುಮತಿ ಕೈಗವಸು ಬಿಚ್ಚಿ, ಕೈ ತೊಳೆದು, ಕುರ್ಚಿ ಎಳೆದುಕೊಂಡು ಕೂತು, ಮನೆಗೆ ಮದುವೆ ಪತ್ರಿಕೆ ಬಂದವರ ಹಾಗೆ ಅದನ್ನು ಬಿಡಿಸಿದಳು.

"ಸಾಹೇಬರ, ನಾನು ಘಂಟಿಕೇರಿ ಓಣಿ ಬಾಳವ್ವ ತಳಕಲ್. ಎಲಿ ಮಾರತೀನಿ. ನನ್ನ ಗಂಡ ಫಕ್ಕೀರಪ್ಪ ಬ್ಯಾಂಡಿನಾಗ ಕ್ಲಾರಿನೆಟ್ ಊದತಾನ. ಅವನ ನಂಬರ ನಾನೂರಾ ಹದಿನೇಳು. ಕಾಲಿಗೆ ಮೊಳಿ ಹೊಕ್ಕು ನಂಜಾಗೇತಿ. ಕಡೀಗುಳಿಗಿ ದಿನಾ ನನ್ನ ಕೈಯಾರ ನುಂಗಸತೀನಿ. ಆದರೂ ಎರಡ ಸಲ ನಿಮ್ಮ ಮಿಶಿನ್ನು ರಕ್ತದಾಗ ಗುಳಿಗಿ ಇಲ್ಲ ಅಂದೇತಿ. ನಾಳೆ ಬುಧವಾರ ಮೂರನೇದ್ದು. ನಾಳೇನೂ ಇಲ್ಲ ಅಂದರ ಗುಳಿಗಿ ಬಂದ್, ಅವನೂ ಬಂದ್. ನನ್ನ ಗಂಡ ಕಳ್ಳ ಅಲ್ಲ. ನಿಮ್ಮ ಗುಳಿಗೀನಽ ಖೊಟ್ಟಿ ಐತಿ. ಇವತ್ತಿನ ಗುಳಿಗಿ ಕಳಿಸೇನಿ, ನೀವಽ ನೋಡ್ರಿ."

ಕಾಗದದೊಳಗೆ ಒಂದು ಚೂರು ವೀಳ್ಯದೆಲೆ, ಎಲೆಯೊಳಗೆ ಹಳದಿ ಬಣ್ಣದ ಒಂದು ಗುಳಿಗೆ. ಅಯ್ಯೋ ಮಾರಾಯ್ತಿ, ಎಂದುಕೊಂಡಳು ಇಂದುಮತಿ. ಗಂಡ ಇವತ್ತು ನುಂಗಬೇಕಾದದ್ದನ್ನೇ ಸಾಕ್ಷಿ ಹೇಳಲು ಕಳಿಸಿಬಿಟ್ಟಿದ್ದಾಳೆ!

ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಒಂದು ಕಾಲದಲ್ಲಿ ಜನ ಮೂಗು ಸೋರಿದರೂ ಅಂಗಡಿಗೆ ಹೋಗಿ ಆಂಟಿಬಯಾಟಿಕ್ ತಂದು, ಎರಡು ದಿನ ನುಂಗಿ, ಜ್ವರ ಬಿಟ್ಟ ಕೂಡಲೇ ಉಳಿದದ್ದನ್ನು ಕಿಟಕಿಯ ಮೇಲೆ ಎಸೆದುಬಿಡುತ್ತಿದ್ದರಂತೆ. ಅರೆಬರೆ ಪೆಟ್ಟು ತಿಂದ ರೋಗಾಣು ಸಾಯುವುದಿಲ್ಲ, ಬುದ್ಧಿ ಕಲಿಯುತ್ತದೆ. ಹೀಗೆ ಕಲಿತು ಕಲಿತು ಅವು ಒಂದೊಂದೇ ಔಷಧಿಯನ್ನು ಗೆದ್ದವು. ಕೊನೆಗೆ ಉಳಿದದ್ದು ಒಂದೇ. ಸರಕಾರಿ ಕಡತದಲ್ಲಿ ಅದರ ಹೆಸರು ಶೇಷಸೈಕ್ಲಿನ್, ಹುಬ್ಬಳ್ಳಿಯವರ ಬಾಯಲ್ಲಿ ಕಡೀಗುಳಿಗಿ. ಜನ ಮನೆಯೊಳಗೂ ದಪ್ಪ ಚರ್ಮದ ಮೆಟ್ಟು ಹಾಕಿ ತಿರುಗತೊಡಗಿದರು. ಕತ್ತಿ ಕುದಿಯುವುದನ್ನು ಕಣ್ಣಾರೆ ನೋಡದೆ ಯಾರೂ ಕ್ಷೌರಿಕನಿಗೆ ಗಲ್ಲ ಕೊಡುತ್ತಿರಲಿಲ್ಲ. ಮುಳ್ಳು ಚುಚ್ಚಿತೆಂದರೆ ಮನೆಮಂದಿಯೆಲ್ಲ ಕೂತು ಅಳುವ ಕಾಲ ಅದು.

ಇಂಥ ಗುಳಿಗೆಗೆ ಕಳ್ಳಸಂತೆ ಹುಟ್ಟದೆ ಇರುತ್ತದೆಯೇ? ಕೆಲವರು ಅರ್ಧ ನುಂಗಿ ಅರ್ಧ ಮಾರಿಕೊಂಡರು. ಅರ್ಧ ನುಂಗಿದರೆ ಮತ್ತೆ ಅದೇ ಕಥೆ, ರೋಗಾಣುವಿಗೆ ಪಾಠ. ಅದಕ್ಕೇ ರಕ್ತಸಾಕ್ಷಿ ಕಾನೂನು ಬಂತು. ಗುಳಿಗೆ ನುಂಗುವವನು ಮೂರು ದಿನಕ್ಕೊಮ್ಮೆ ರಕ್ತ ಕೊಡಬೇಕು. ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ಹೊಂಬಣ್ಣದ ತಿಳಿ ಇದೆಯಲ್ಲ, ಸೀರಂ, ಅದರ ಒಂದೊಂದು ಮಿಲಿಲೀಟರಿನಲ್ಲೂ ಎರಡು ಮೈಕ್ರೋಗ್ರಾಂ ಔಷಧಿ ಇರಲೇಬೇಕು. ಮೂರು ಸಲ ಕಡಿಮೆ ಬಂದರೆ ಮನುಷ್ಯ ಕಳ್ಳ. ಅವನ ಪಾಲಿನ ಗುಳಿಗೆ ಸರದಿಯಲ್ಲಿ ಕಾದಿರುವ ಮುಂದಿನವನಿಗೆ. ಕಾನೂನು ನಿರ್ದಯಿ, ಆದರೆ ಅರ್ಥವಿಲ್ಲದ್ದೇನಲ್ಲ.

ಆ ರಕ್ತ ನೋಡುವವಳು ಇಂದುಮತಿ. ಗಬ್ಬೂರಿನ ದಾರಿಯಲ್ಲಿ, ಎತ್ತರದ ಗೋಡೆಯ ನಡುವೆ, ಒಂದು ಪ್ರಯೋಗಾಲಯ, ಅದರ ಬೆನ್ನಿಗೇ ಎರಡು ಕೋಣೆಯ ಕ್ವಾರ್ಟರ್ಸ್. ಯಂತ್ರಕ್ಕೆ "ಇದೆ" ಎನ್ನಲು ಕಲಿಸಬೇಕಾದರೆ ಮೊದಲು "ಇಲ್ಲ" ಎಂದರೆ ಏನೆಂದು ತೋರಿಸಬೇಕು. ಅದಕ್ಕೆ ಔಷಧಿ ಸೋಂಕದ, ರೋಗಿಯ ಗಾಳಿಯೂ ಸೋಂಕದ ಒಬ್ಬ ಮನುಷ್ಯನ ಸೀರಂ ಬೇಕು. ತಾಯಿ ಹಲ್ಲಿನ ಕೀವಿಗೆ ತೀರಿಹೋದ ವರ್ಷ ಇಲಾಖೆ ಅಂಥವರನ್ನು ಹುಡುಕುತ್ತಿತ್ತು. ಹಿಂದಿಲ್ಲ ಮುಂದಿಲ್ಲ, ಇಂದುಮತಿ ಒಪ್ಪಿಕೊಂಡಳು. ಅಂದಿನಿಂದ ವಾರಕ್ಕೆರಡು ಸಲ ತನ್ನ ತೋಳಿಗೆ ತಾನೇ ಸೂಜಿ ಹಾಕಿಕೊಂಡು ರಕ್ತ ತೆಗೆಯುತ್ತಾಳೆ. ಊಟ ಗೋಡೆಯ ಕಿಂಡಿಯಿಂದ ಬರುತ್ತದೆ, ತಟ್ಟೆ ಕಿಂಡಿಯಿಂದ ಹೋಗುತ್ತದೆ. ಆಚೆ ಇರುವ ಕೈ ಯಾರದೆಂದು ಆಕೆ ನೋಡಿಲ್ಲ. ಇಲಾಖೆಯ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ "ಖಾಲಿ" ಎಂಬ ಒಂದೇ ಮಾತು ಇದೆ. ಆ ಪುಟವನ್ನು ಆಕೆ ಬೇಗ ಮಗುಚಿಬಿಡುತ್ತಿದ್ದಳು.

ಮಾತಿಗೆ ಸಿಗುತ್ತಿದ್ದದ್ದು ಸಂಖ್ಯೆಗಳು ಮಾತ್ರ. "ಏನಪಾ ಮುನ್ನೂರಾ ತೊಂಬತ್ತು, ಇವತ್ತ ಛಲೋ ಕಾಣಾಕತ್ತೀ," ಎನ್ನುವಳು. "ಬಾ ತಂಗಿ ನಾನೂರಾ ಎರಡು." ಗುಣವಾದವರ ಸೀಸೆ ಬರುವುದು ನಿಲ್ಲುತ್ತಿತ್ತು, ಸತ್ತವರದೂ ನಿಲ್ಲುತ್ತಿತ್ತು. ಯಾವುದು ಯಾವುದೆಂದು ಆಕೆಗೆ ಯಾರೂ ಹೇಳುತ್ತಿರಲಿಲ್ಲ. ನಾನೂರಾ ಹದಿನೇಳರ ಎರಡು ಕಡಿಮೆ ಲೆಕ್ಕವನ್ನೂ ಆಕೆಯೇ ಸಹಿ ಹಾಕಿ ಕಳಿಸಿದ್ದಳು. ಈಗ ಆ ಸಂಖ್ಯೆಗೆ ಹೆಸರು ಬಂದಿತ್ತು, ಹೆಂಡತಿ ಬಂದಿದ್ದಳು, ಕ್ಲಾರಿನೆಟ್ ಬಂದಿತ್ತು.

"ಆಗಲಿ ಬಾಳವ್ವ, ನೋಡೇಬಿಡೋಣು," ಎಂದು ಇಂದುಮತಿ ಎದ್ದಳು.

ಗುಳಿಗೆಯನ್ನು ಎರಡು ಹೋಳು ಮಾಡಿದಳು. ಒಂದು ಹೋಳನ್ನು ಅರೆದು, ನೀರಿನಲ್ಲಿ ಕಲಸಿ, ಸೋಸಿ, ಆ ತಿಳಿಯ ಒಂದು ತೊಟ್ಟನ್ನು ಯಂತ್ರಕ್ಕೆ ಹಾಕಿದಳು. ಯಂತ್ರವೆಂದರೆ ಏನು ಮಹಾ? ಗೇಣುದ್ದದ ಒಂದು ಉಕ್ಕಿನ ಕೊಳವೆ, ಅದರ ತುಂಬ ನುಣ್ಣನೆಯ ಪುಡಿ, ಒಂದು ಕಡೆಯಿಂದ ದ್ರವ ನೂಕುವ ಪಂಪು, ಇನ್ನೊಂದು ಕಡೆ ಹೊರಬರುವುದನ್ನು ಕಾಯುವ ದೀಪ. ಸಂತೆಯ ಬೀದಿಯಲ್ಲಿ ಎಲ್ಲರೂ ಒಟ್ಟಿಗೇ ಹೊರಟರೂ ಅಂಗಡಿ ಅಂಗಡಿಗೆ ನಿಂತು ಮಾತಾಡುವವಳು ತಡವಾಗಿ ಆಚೆ ಮುಟ್ಟುತ್ತಾಳೆ, ಸುಮ್ಮನೆ ನಡೆಯುವವಳು ಬೇಗ ಮುಟ್ಟುತ್ತಾಳೆ. ಕೊಳವೆಯೊಳಗೂ ಹಾಗೆಯೇ, ಒಂದೊಂದು ವಸ್ತುವಿಗೂ ಅದರದೇ ಹೊತ್ತು. ಶೇಷಸೈಕ್ಲಿನ್ ಹೊರಬರುವುದು ಸರಿಯಾಗಿ ಏಳನೆಯ ನಿಮಿಷಕ್ಕೆ. ಆಗ ಪರದೆಯ ಗೆರೆ ಗುಡ್ಡವಾಗಿ ಏಳುತ್ತದೆ. ಗುಡ್ಡ ಎಷ್ಟು ದೊಡ್ಡದೋ ಔಷಧಿ ಅಷ್ಟು.

ಏಳನೆಯ ನಿಮಿಷ ಬಂತು. ಗುಡ್ಡ ಎದ್ದಿತು, ಆದರೆ ಗಿಡ್ಡ ಗುಡ್ಡ. ನೂರು ಇರಬೇಕಾದಲ್ಲಿ ಐವತ್ತೆಂಟು!

ಇಂದುಮತಿ ಅಂಕಿಯನ್ನು ಮತ್ತೊಮ್ಮೆ ಓದಿದಳು. ಹಾಗಾದರೆ ಬಾಳವ್ವ ಹೇಳಿದ್ದೇ ಖರೆಯೇ? ಇದೇ ಕಂತಿನ ಗುಳಿಗೆಗಳನ್ನು ಕಳೆದ ತಿಂಗಳು ತಾನೇ ಪರೀಕ್ಷೆ ಮಾಡಿದ್ದಾಳೆ, ಒಂದೂ ತೊಂಬತ್ತೊಂಬತ್ತಕ್ಕೆ ಇಳಿದಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಎರಡನೆಯ ಹೋಳನ್ನು ದೀಪದ ಕೆಳಗೆ ಹಿಡಿದಳು. ಅದರ ಮೈಗೆ ತೆಳ್ಳಗೆ ಬಿಳಿಯದೇನೋ ಮೆತ್ತಿತ್ತು. ಅದನ್ನು ನಾಜೂಕಾಗಿ ಕೆರೆದು, ಒರೆಸಿ, ಆಮೇಲೆ ಅರೆದು ಹಾಕಿದಳು. ನೂರು, ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲ.

ಮೊದಲ ಹೋಳನ್ನು ಸೋಸಿದ ಬಟ್ಟೆಯನ್ನು ತೆಗೆದು ನೋಡಿದಳು. ಅದರ ಮೇಲೆ ಹಳದಿ ಗಸಿ ಅಂಟಿಕೊಂಡಿತ್ತು. ಕಳೆದುಹೋದ ನಲವತ್ತೆರಡು ಭಾಗ ಅಲ್ಲಿತ್ತು, ನೀರಿನಲ್ಲಿ ಕರಗದೆ, ಯಾವುದರದೋ ಕೈಹಿಡಿದು ಕೂತಿತ್ತು. ವೀಳ್ಯದೆಲೆಯ ಚೂರನ್ನು ಮೂಗಿಗೆ ಹಿಡಿದಳು. ಅಡಿಕೆ. ಕಾಚು. ಮತ್ತೆ ಸುಣ್ಣ.

ಕಹಿ ಗುಳಿಗೆ. ಎಲೆ ಮಾರುವ ಹೆಂಗಸು. "ನನ್ನ ಕೈಯಾರ ನುಂಗಸತೀನಿ." ಇದು ಬರೀ ಪೊಟ್ಟಣ ಕಟ್ಟಲು ಬಳಸಿದ ಎಲೆಯಲ್ಲ, ಗುಳಿಗೆ ನುಂಗಿಸುವ ಎಲೆ! ಈ ಜಾತಿಯ ಔಷಧಿಗೂ ಸುಣ್ಣಕ್ಕೂ ಬಿಡಿಸಲಾರದ ನಂಟು. ಎರಡೂ ಕೂಡಿದರೆ ಕಲ್ಲಿನಂತೆ ಗಟ್ಟಿಯಾಗಿ, ಕರುಳು ಹೀರಲಾರದೆ, ಬಂದ ದಾರಿ ಹಿಡಿದು ಹೋಗಿಬಿಡುತ್ತದೆ. ಆಕೆ ಎಲೆಯ ಚೂರನ್ನು ಕುದಿಸಿ ಅದರ ರಸವನ್ನೂ ಯಂತ್ರಕ್ಕೆ ಹಾಕಿದಳು. ಮೂರನೆಯ ನಿಮಿಷಕ್ಕೆ ಒಂದು ಸಣ್ಣ ದಿಬ್ಬ ಎದ್ದಿತು, ಎಲೆಅಡಿಕೆಯ ಗುರುತು. ಫಕ್ಕೀರಪ್ಪನ ಹಳೆಯ ಎರಡೂ ನಕ್ಷೆ ತೆರೆದಳು. ಎರಡರಲ್ಲೂ ಅದೇ ದಿಬ್ಬ. ಏಳನೆಯ ನಿಮಿಷವನ್ನು ಮಾತ್ರ ನೋಡು ಎಂದು ಯಂತ್ರಕ್ಕೆ ಹೇಳಿದ್ದರು. ಯಂತ್ರವೂ ಅದನ್ನೇ ನೋಡಿತ್ತು, ಆಕೆಯೂ ಅದನ್ನೇ ನೋಡಿದ್ದಳು.

ಇಲಾಖೆಯ ಡಾಕ್ಟರ್ ಪುರಾಣಿಕರಿಗೆ ಫೋನು ಹಚ್ಚಿದಳು. ಅವರು ಕೆಟ್ಟವರಲ್ಲ, ಬರೀ ಅಧಿಕಾರಿ.

"ಛಲೋ ಶೋಧ ಮಾಡೀರಿ ಇಂದುಮತಿಬಾಯಿ," ಎಂದರು ಎಲ್ಲ ಕೇಳಿ. "ಒಂದು ಟಿಪ್ಪಣಿ ಬರೀರಿ. ಸಮಿತಿ ಮುಂದ ಇಡೋಣು."

"ಸಮಿತಿ ಯಾವಾಗ ಕೂಡತೈತ್ರಿ ಸರ್?"

"ಮುಂದಿನ ತಿಂಗಳ ಹದಿನೈದಕ್ಕ."

"ನಾಳೆ ಮುಂಜಾನೆ ಎಂಟಕ್ಕ ಅವನ ಮೂರನೇ ರಕ್ತ ತಗೀತಾರ್ರಿ."

ಪುರಾಣಿಕರು ದನಿ ತಗ್ಗಿಸಿದರು. "ಪರೀಕ್ಷಾದ ಹಿಂದಿನ ದಿನ ರೋಗಿಗೆ ಸುದ್ದಿ ಮುಟ್ಟಸೋದು ಅಂದ್ರ ಸಾಕ್ಷಿ ತಿದ್ದಿದಂಗ. ನಾ ಯಾರಿಗೂ ಹೇಳಿ ಕಳಸ್ಲಿಕ್ಕೆ ಬರೂದಿಲ್ಲ. ಇನ್ನ ನೀವಽ ಹೋಗ್ತೀನಿ ಅಂದ್ರ, ನಿಮ್ಮ ರಕ್ತ ತೊಂಬತ್ತು ದಿನ ಖಾಲಿ ಅಲ್ಲ. ನಾ ಬ್ಯಾರೆ ಖಾಲಿ ಮನುಷ್ಯಾನ್ನ ತರಬೇಕು, ಆ ಕ್ವಾರ್ಟರ್ಸ್ ಅವರಿಗೆ ಬಿಡಬೇಕು. ನಿಮಗ ಹೋಗ್ಲಿಕ್ಕೆ ಬ್ಯಾರೆ ಮನಿ ಅದ ಏನು?"

"ಇಲ್ರಿ."

"ಮತ್ತ?"

ಮತ್ತೇನಿಲ್ಲ. ಆಕೆ ಫೋನಿಟ್ಟಳು. ನಾಳೆ ಒಂದು ಅಂಕಿ ತಿದ್ದಿ ಎರಡು ಎಂದು ಬರೆದರೆ ಯಾರು ಕೇಳುತ್ತಾರೆ? ಈ ಯೋಚನೆಯೂ ಬಂತು, ಸುಳ್ಳೇಕೆ ಹೇಳಬೇಕು. ಆದರೆ ಅಂಕಿ ತಿದ್ದಿದರೆ ಫಕ್ಕೀರಪ್ಪನ ಕಾಲು ವಾಸಿಯಾಗುವುದಿಲ್ಲ. ಗುಳಿಗೆ ಸುಣ್ಣದ ಪಾಲಾಗುತ್ತಲೇ ಇರುತ್ತದೆ, ನಂಜು ಏರುತ್ತಲೇ ಇರುತ್ತದೆ. ಹೇಳಿ ಬರುವುದೊಂದೇ ದಾರಿ. ಆಕೆ ಮೊದಲು ತನ್ನ ತೋಳಿನಿಂದ ಎರಡು ಸೀಸೆ ರಕ್ತ ತೆಗೆದು ಶೀತಪೆಟ್ಟಿಗೆಯಲ್ಲಿಟ್ಟಳು. ಖಾಲಿ ಸೀರಂ ನಾಲ್ಕು ದಿನ ಬಾಳುತ್ತದೆ. ನಾಳೆಯ ಕೆಲಸ ಅದರಲ್ಲಿ ನಡೆಯುತ್ತದೆ. ಆಮೇಲೆ ತಾಯಿಯ ಇಳಕಲ್ ಸೀರೆ ಉಟ್ಟು, ಗೇಟಿನ ಚಿಲಕ ತೆಗೆದು ಹೊರಗೆ ಬಂದಳು. ಆರು ವರ್ಷ ತುಕ್ಕು ಹಿಡಿದ ಚಿಲಕ ತೆಗೆಯಲು ಕಲ್ಲು ಬೇಕಾಯಿತು.

ಘಂಟಿಕೇರಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿತ್ತು, ನಂಜಿನ ಮನೆಯ ಗುರುತು. ಜನ ಓಣಿಯ ಆ ಬದಿಗೇ ಸರಿದು ನಡೆಯುತ್ತಿದ್ದರು. ಹೊಸ್ತಿಲೊಳಗೆ ಎಲೆಯ ಬುಟ್ಟಿಗಳ ನಡುವೆ ಒಬ್ಬ ಹೆಂಗಸು ಕೂತಿದ್ದಳು. ಬುಟ್ಟಿಯ ಎಲೆ ಬಾಡಿತ್ತು.

"ಎಲಿ ಬೇಕಾದ್ರ ಮುಂದ ಹೋಗ್ರಿ. ಕೆಂಪ ಅರಬಿ ಕಾಣಸ್ಲಿಲ್ಲೇನು?"

"ಬಾಳವ್ವ ಅಂದ್ರ ನೀವಽ ಏನ್ರಿ? ಕಾಗದ ಬರದಿದ್ರಲ್ಲ. ರಕ್ತ ನೋಡೋ ಸಾಹೇಬ ನಾನಽ."

ಬಾಳವ್ವ ಆಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಹೆಣ್ಮಗಳು!" ಎಂದಳು. ಮರುಕ್ಷಣ ಮುಖ ಕೆಂಪಾಯಿತು. "ಅಂದ್ರ ನನ್ನ ಗಂಡನ್ನ ಕಳ್ಳ ಅಂತ ಬರದಾಕಿ ನೀನಽ ಏನು? ಅವನ ಮಾರಿ ನೋಡಿ ಏನ? ಅವನ ಕಾಲ ನೋಡಿ ಏನ? ಹಾಲುಂಡ ಬಾಯಿಗೆ ವಿಷ ಹಾಕಿದಂಗ..."

"ಏ ಬಾಳೀ," ಎಂದು ಒಳಗಿನ ಮಂಚದಿಂದ ಒಂದು ದನಿ ಬಂತು. ಬಳಲಿದ ದನಿ, ಆದರೆ ನಗೆ ಸತ್ತಿರಲಿಲ್ಲ. "ಮನೀಗೆ ಬಂದವ್ರಿಗೆ ಮದ್ಲ ನೀರ ಕೊಡ. ಬೈಯಾಕ ಆಮ್ಯಾಲೆ ಟೈಮ್ ಐತಿ."

ಬಾಳವ್ವ ಹಿತ್ತಾಳೆಯ ಲೋಟದಲ್ಲಿ ನೀರು ತಂದು ಕೈಗೆ ಕೊಟ್ಟಳು. ಇನ್ನೊಬ್ಬರು ಕೈಯಾರೆ ಎತ್ತಿಕೊಟ್ಟ ನೀರು. ಇಂದುಮತಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದಳು. ಇನ್ನೊಂದು ಲೋಟ ಕೇಳಬೇಕೆನಿಸಿತು, ನಾಚಿಕೊಂಡು ಸುಮ್ಮನಾದಳು. ಮಂಚದ ಮೇಲೆ ಫಕ್ಕೀರಪ್ಪ ದಿಂಬಿಗೊರಗಿದ್ದ. ಎಡಗಾಲು ಮೊಳಕಾಲಿನತನಕ ಬಾತು ಹೊಳೆಯುತ್ತಿತ್ತು.

"ಗುಳಿಗಿ ಹೆಂಗ ನುಂಗಸ್ತೀರಿ? ಒಂದೀಟು ತೋರಸ್ರಿ," ಎಂದಳು ಇಂದುಮತಿ.

"ಅದು ಕಹಿ ಅಂದ್ರ ಅಂತಿಂಥ ಕಹಿ ಅಲ್ರಿ, ಬೇವಽ ಸೈ," ಎಂದಳು ಬಾಳವ್ವ. ಕಸಬಿನ ಮಾತು ಬಂದೊಡನೆ ಸಿಟ್ಟು ಇಳಿದಿತ್ತು. "ಮದ್ಲನೇ ದಿನ ವಾಂತಿ ಮಾಡ್ಕೊಂಡ, ಗುಳಿಗಿ ನೆಲಕ್ಕ ಬಿತ್ತು. ಅದನ್ನಽ ತೊಳದು ಮತ್ತ ನುಂಗಿಸ್ದೆ. ಅವತ್ತಿಂದ ನಾನಽ ಒಂದು ಹಂಚಿಕಿ ಹೂಡೀನಿ." ಬುಟ್ಟಿಯಿಂದ ಒಂದು ಎಳೆಯ ಎಲೆ ಆರಿಸಿದಳು, ಬೆನ್ನಿನ ನಾರು ತೆಗೆದಳು, ಬೆರಳಿನಿಂದ ಸುಣ್ಣ ಸವರಿದಳು. ಅಡಿಕೆಚೂರು, ಕಾಚು ಇಟ್ಟು ಮಡಿಸಿದಳು. ಎಷ್ಟು ಚೆಂದದ ಕೈ! "ಎಲ್ಲಾರಿಗಿಂತ ಅವಗ ಸುಣ್ಣ ಒಂದೀಟು ಜಾಸ್ತೀನಽ ಹಚ್ಚತೀನ್ರಿ, ಕಹಿ ಮುಚ್ಚಲಿ ಅಂತ. ಈಗ ಒಂದು ದಿನಾನೂ ವಾಂತಿ ಇಲ್ಲ."

ಹೇಳದೆ ವಿಧಿಯಿರಲಿಲ್ಲ. ಇಂದುಮತಿ ಹೇಳಿದಳು. ಗುಳಿಗೆ ಖೊಟ್ಟಿಯಲ್ಲ, ಫಕ್ಕೀರಪ್ಪ ಕಳ್ಳನಲ್ಲ, ಸುಣ್ಣ ಔಷಧಿಯನ್ನು ಕಟ್ಟಿಹಾಕುತ್ತದೆ ಎಂದು. ಆರು ವರ್ಷ ಅಂಕಿಗಳ ಜೊತೆಗೇ ಮಾತಾಡಿದವಳಿಗೆ ಮಾತನ್ನು ಮೆತ್ತಗೆ ಮಾಡುವುದು ಮರೆತುಹೋಗಿತ್ತು. ಅಂಕಿ ಓದಿದಂತೆಯೇ ಹೇಳಿಬಿಟ್ಟಳು.

ಬಾಳವ್ವನ ಕೈಯಿಂದ ಎಲೆ ಜಾರಿತು. ತನ್ನ ತೋರುಬೆರಳಿನ ಸುಣ್ಣವನ್ನು ನೋಡಿದಳು.

"ಅಂದ್ರ ಎಂಟ ದಿನ ಅವನ ಬಾಯಾಗಿಂದು ನಾನಽ ಕಸಕೊಂಡೆ?"

ಇಂದುಮತಿ ಜಾರಿದ ಎಲೆಯನ್ನು ಎತ್ತಿ ಬುಟ್ಟಿಗಿಟ್ಟಳು.

"ಹೇಳ್ರಿ ಅಕ್ಕಾರ. ನಾಳೆ 'ಇಲ್ಲ' ಅಂತ ಬಂದಿದ್ರ ನಾನಽ ಕೊಂದಂಗ ಆಕ್ಕಿತ್ತಲ್ರಿ? ನನಗ ಗೊತ್ತಽ ಆಗ್ತಿರಲಿಲ್ಲಲ್ರಿ?" ಆಕೆ ಎದ್ದು ಬಚ್ಚಲಿಗೆ ಹೋದಳು. ನೀರು ಸುರಿಯುವ ಸದ್ದು, ಕೈ ಉಜ್ಜುವ ಸದ್ದು ಕೇಳಿಸತೊಡಗಿತು. ನಿಲ್ಲಲೇ ಇಲ್ಲ.

"ಒಂದಽ ಗುಳಿಗಿ ಉಳದೈತ್ರಿ, ನಾಳಿಂದು," ಎಂದ ಫಕ್ಕೀರಪ್ಪ ಮೆಲ್ಲಗೆ.

"ನಾಳೆ ಮುಂಜಾನೆ ಆರಕ್ಕ, ಬರೇ ಹೊಟ್ಟಿಗೆ, ಬರೇ ನೀರಿನಾಗ ನುಂಗ್ರಿ. ಹಾಲ ಬ್ಯಾಡ, ಮಜ್ಜಗಿ ಬ್ಯಾಡ, ಎಲಿ ಬ್ಯಾಡ. ಎಂಟರ ಮಟ ವಾಂತಿ ಆಗಬಾರದು."

"ಮದುವಿ ಮೆರವಣಿಗ್ಯಾಗ ತಾಸಗಟ್ಟಲೆ ಉಸರ ಹಿಡದು ಊದಿದಾಂವ ನಾನು. ಒಂದ ಗುಳಿಗಿ ಹಿಡಕೊಳ್ಳಾಕ ಆಗೂದಿಲ್ಲೇನ್ರಿ?" ಎಂದು ನಕ್ಕ. ಬಚ್ಚಲಿನ ಕಡೆ ನೋಡಿದಾಗ ನಗು ಆರಿತು. "ನೀವಿನ್ನ ಹೋಗ್ರಿ ಅಕ್ಕಾರ. ಆಕೀಗೆ ನಾ ಹೇಳ್ತೀನಿ."

ಬುಧವಾರ ಒಂಬತ್ತೂವರೆಗೆ ಸೀಸೆ ಬಂತು. ಇಂದುಮತಿ ಸೀರಂ ಬೇರ್ಪಡಿಸಿ, ಅದರ ಪ್ರೋಟೀನನ್ನು ಒಡೆಸಿ ಕೆಳಗಿಳಿಸಿ, ತಿಳಿಯನ್ನು ತೆಗೆದಳು. ಮೊದಲು ತನ್ನ ಖಾಲಿ ಸೀರಂ ಹಾಕಿದಳು. ಗೆರೆ ನೇರವಾಗಿ, ಬೋಳಾಗಿ ಹೋಯಿತು. ಆಮೇಲೆ ನಾನೂರಾ ಹದಿನೇಳು. ಆರು ನಿಮಿಷ. ಆರೂವರೆ. ಮೂರನೆಯ ನಿಮಿಷದ ದಿಬ್ಬ ಇವತ್ತು ಬಂದಿರಲಿಲ್ಲ ಎಂಬುದನ್ನು ನೋಡಿದಳು. ಆರು ಐವತ್ತು. ಗೆರೆ ಒಂಚೂರು ತಲೆಯೆತ್ತಿತು, ಅನುಮಾನಿಸಿತು, ಆಮೇಲೆ ಏಳತೊಡಗಿತು. ಎದ್ದೇ ಎದ್ದಿತು.

ಎರಡು ಪಾಯಿಂಟ್ ಆರು!

"ಹಿಡದಾನಽ! ಹಿಡಕೊಂಡಾನ!" ಎಂದು ಆಕೆ ಚಪ್ಪಾಳೆ ತಟ್ಟಿದಳು. ಯಾರಿಗಾದರೂ ಹೇಳಬೇಕೆಂದು ಸುತ್ತ ನೋಡಿದಳು. ಪಂಪು ಟಕಟಕ ಎನ್ನುತ್ತಿತ್ತು. ಕಿಂಡಿಯಲ್ಲಿ ಊಟದ ತಟ್ಟೆ ಬಂದು ಕೂತಿತ್ತು, ಕೈ ಆಗಲೇ ಹೋಗಿಯಾಗಿತ್ತು. "ಮುಂದುವರಿಸಿ" ಎಂದು ವರದಿಗೆ ಸಹಿ ಹಾಕಿ ಕಳಿಸಿದಳು.

ಪುರಾಣಿಕರಿಗೆ ತಾನೇ ಫೋನು ಮಾಡಿ, ಹೊರಗೆ ಹೋಗಿದ್ದೆ ಎಂದಳು. "ಹೋಗ್ತೀರಿ ಅಂತ ನನಗ ನಿನ್ನೇನಽ ಅನಿಸಿತ್ತು," ಎಂದು ಅವರು ನಿಟ್ಟುಸಿರಿಟ್ಟರು. "ಶುಕ್ರವಾರ ಹೊಸಬರು ಬರ್ತಾರ. ಅಲ್ಲೀತನಕ ಯಂತ್ರ ನಿಮ್ಮದಽ. ಸಮಿತಿ ಕೂಡೂತನಕ ಕಾಯೂದು ಬ್ಯಾಡ, ಜನರಿಗೆ ಒಂದು ಪ್ರಕಟಣೆ ಬರದು ಕೊಡ್ರಿ."

ಆಕೆ ಬರೆದಳು: "ಗುಳಿಗೆಯನ್ನು ಬರಿಯ ನೀರಿನಲ್ಲಿ ಮಾತ್ರ ನುಂಗಬೇಕು. ಬೇರೆ ಯಾವುದರ ಜೊತೆಗೂ ಕೂಡದು." ಸುಣ್ಣ ಎಂದು ಬರೆಯಲು ಲೇಖನಿ ಎತ್ತಿದಳು. ಬಾಳವ್ವ ಕೈ ಉಜ್ಜುತ್ತಿದ್ದ ಬಚ್ಚಲಿನ ನೀರಿನ ಸದ್ದು ಕಿವಿಯಲ್ಲಿತ್ತು. ಬರೆಯಲಿಲ್ಲ.

ಆಮೇಲೆ ಊಟಕ್ಕೆ ಕೂತಳು. ಸಂತೋಷಕ್ಕೆ ಅಡ್ಡ ಬಂದದ್ದು ಬಾಳವ್ವನ ಮಾತು: ನನಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ. ಹುಬ್ಬಳ್ಳಿಯಲ್ಲಿ ಎಲೆಅಡಿಕೆ ಹಾಕುವವಳು ಬಾಳವ್ವ ಒಬ್ಬಳೇ ಏನು? ಕಹಿ ಗುಳಿಗೆ ನುಂಗಲಾರದ ಗಂಡ ಫಕ್ಕೀರಪ್ಪ ಒಬ್ಬನೇ ಏನು? ಆರು ವರ್ಷದಲ್ಲಿ ಮೂರು ಸಲ ಕಡಿಮೆ ಬಂದು ಗುಳಿಗೆ ನಿಂತವರು ನಲವತ್ತೊಂದು ಮಂದಿ. ನಲವತ್ತೊಂದಕ್ಕೂ ಕೆಳಗೆ ಇರುವುದು ಒಂದೇ ಸಹಿ.

ಕಾನೂನಿನ ಪ್ರಕಾರ ಅವರ ಕೊನೆಯ ಸೀರಂ ಶೀತಪೆಟ್ಟಿಗೆಯ ತಳದಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಇಂದುಮತಿ ತಟ್ಟೆ ಸರಿಸಿ ಎದ್ದಳು. ಒಂದೊಂದಾಗಿ ಕರಗಿಸಿ, ಒಂದೊಂದಾಗಿ ಯಂತ್ರಕ್ಕೆ ಹಾಕಿದಳು. ಏಳನೆಯ ನಿಮಿಷವನ್ನು ನೋಡಲಿಲ್ಲ. ಅದನ್ನು ಆಗಲೇ ನೋಡಿಯಾಗಿತ್ತು. ಮೂರನೆಯ ನಿಮಿಷವನ್ನು ನೋಡಿದಳು. ಬುಧವಾರ ಮುಗಿಯಿತು, ಗುರುವಾರ ಮಧ್ಯಾಹ್ನವಾಯಿತು. ಹದಿನೆಂಟು ಮಂದಿಯಲ್ಲಿ ದಿಬ್ಬವಿರಲಿಲ್ಲ. ಇಪ್ಪತ್ತಮೂರು ಮಂದಿಯಲ್ಲಿ ಇತ್ತು.

ಆಕೆ ಅತ್ತಳು. ಬಿಕ್ಕಿ ಬಿಕ್ಕಿ, ಮೂಗು ಒರೆಸಿಕೊಂಡು, ಸಣ್ಣ ಮಕ್ಕಳ ಹಾಗೆ ಅತ್ತಳು. "ಬಾ ತಂಗಿ" ಎಂದು ತಾನು ಕರೆಯುತ್ತಿದ್ದ ಸಂಖ್ಯೆಗಳೂ ಅದರಲ್ಲಿದ್ದವು.

"ಇದು ಪುರಾವೆ ಅಲ್ಲ ಇಂದುಮತಿಬಾಯಿ," ಎಂದರು ಪುರಾಣಿಕರು ಫೋನಿನಲ್ಲಿ. "ಎಲಿಅಡಿಕಿ ತಿಂದಿದ್ರು ಅಂತ ಆತು, ಅಷ್ಟಽ."

"ಗುಳಿಗಿ ಮಾರಕೊಂಡಿದ್ರು ಅನ್ನೂದಕ್ಕೂ ಪುರಾವೆ ಇರಲಿಲ್ರಿ ಸರ್. ಆದರೂ ನಾನು ಸಹಿ ಮಾಡಿದೆ. ನೀವು ಮುದ್ರಿ ಒತ್ತಿದ್ರಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ನನಗ ಅವರ ಹೆಸರು, ಮನಿ ವಿಳಾಸ ಬೇಕು."

"ಅವರಾರೂ ಈಗ ಇಲ್ರಿ ಬಾಯಿ."

"ಮನಿ ಇರತಾವಲ್ರಿ."

ಸಂಜೆಗೆ ಪಟ್ಟಿ ಬಂತು. ಪುರಾಣಿಕರು ಕಚೇರಿಯ ಯಂತ್ರದಲ್ಲಿ ಅಚ್ಚು ಹಾಕಿಸಿರಲಿಲ್ಲ. ತಮ್ಮ ಕೈಯಾರೆ ಬರೆದಿದ್ದರು.

ಶುಕ್ರವಾರ ಬೆಳಿಗ್ಗೆ ಇಂದುಮತಿ ಒಂದು ಟ್ರಂಕು ಹಿಡಿದು ಹೊರಬಿದ್ದಳು. ಟ್ರಂಕನ್ನು ಬಸ್ ನಿಲ್ದಾಣದ ಲಗೇಜು ಕೋಣೆಯಲ್ಲಿಟ್ಟು, ಪಟ್ಟಿಯ ಮೊದಲ ಹೆಸರಿನ ಕಡೆ ನಡೆದಳು. ಸಂಖ್ಯೆ ಐವತ್ತೆಂಟು. ಗುರುಶಾಂತ ಕಮ್ಮಾರ, ಹಳೇ ಹುಬ್ಬಳ್ಳಿ.

ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಒಬ್ಬ ಹೆಂಗಸು ಹತ್ತೂ ಬೆರಳಿಗೆ ಚರ್ಮದ ಟೊಪ್ಪಿಗೆ ಹಾಕಿಕೊಂಡು ಕೌದಿ ಹೊಲಿಯುತ್ತಿದ್ದಳು. ಸೂಜಿಗೆ ಈ ಕಾಲದಲ್ಲಿ ಅಷ್ಟು ಮರ್ಯಾದೆ. ಗುರುಶಾಂತನ ಹೆಂಡತಿ, ಹೆಸರು ಕಾಶವ್ವ. ಇಂದುಮತಿ ತಾನು ಯಾರೆಂದು ಹೇಳಿದಳು. ಕಾಶವ್ವ ಕೂತ್ಕೋ ಎನ್ನಲಿಲ್ಲ.

"ನಿಮ್ಮ ಮನಿಯವರು ಗುಳಿಗಿ ಮಾರಿರಲಿಲ್ಲ. ನುಂಗಿದ್ರು. ಅದನ್ನ ಹೇಳಾಕ ಬಂದೀನ್ರಿ."

"ಅದು ನನಗ ಗೊತ್ತೈತಿ. ನಾನಽ ನುಂಗಸ್ತಿದ್ದೆ." ಸೂಜಿ ನಿಲ್ಲಲಿಲ್ಲ. "ನಾಕು ವರ್ಷ ಆತು, ಓಣ್ಯಾಗ ನನಗ ಕಳ್ಳನ ಹೆಂಡ್ತಿ ಅಂತಾರ. ಹೆಣ ಎತ್ತಾಕ ನಾಕ ಮಂದಿ ಸಿಗಲಿಲ್ಲ. ಒಂದು ಗಾಡಿ ಮ್ಯಾಲೆ ಹಾಕ್ಕೊಂಡು ನಾನಽ ಎಳಕೊಂಡು ಹೋದೆ." ಆಮೇಲೆ ತಲೆಯೆತ್ತಿದಳು. "ನುಂಗಿದ್ದ ಖರೆ ಆದ್ರ ರಕ್ತದಾಗ ಯಾಕ ಬರ್ಲಿಲ್ಲ?"

ಆಕೆಯ ಸೊಂಟದಲ್ಲಿ ಎಲೆಅಡಿಕೆಯ ಚೀಲ ಸಿಕ್ಕಿಸಿತ್ತು. ತುಟಿ ಕೆಂಪಗಿತ್ತು. ಆರು ವರ್ಷದಲ್ಲಿ ಇಂದುಮತಿ ಒಂದೇ ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಇದ್ದದ್ದು ಇದ್ದಂತೆ ಹೇಳುವುದೊಂದೇ ಆಕೆಗೆ ಗೊತ್ತಿದ್ದ ವಿದ್ಯೆ.

"ಯಂತ್ರ ಕೆಟ್ಟಿತ್ರಿ," ಎಂದಳು. "ತಪ್ಪು ಓದಿದಾಕಿ ನಾನು. ನಿಮ್ಮ ಕಡಿಂದ ಏನೂ ತಪ್ಪಿರಲಿಲ್ಲ."

ಕಾಶವ್ವ ಆಕೆಯನ್ನೇ ನೋಡಿದಳು. ಹೊಡೆಯುತ್ತಾಳೆ ಎಂದು ಇಂದುಮತಿ ಕಾದಳು, ಹೊಡೆದರೆ ಒಳ್ಳೆಯದಿತ್ತು.

"ನನಗ ಯಾಕ ಹೇಳ್ತೀ?" ಎಂದಳು ಕಾಶವ್ವ. "ನನಗ ಗೊತ್ತಿದ್ದದ್ದಽ ಅದು. ಹೊರಗ ಹೋಗಿ ಹೇಳು. ಓಣಿ ನಡುವ ನಿಂತು, ಎಲ್ಲಾರ ಕಿವೀಗೂ ಬೀಳೂಹಂಗ ಹೇಳು."

ಇಂದುಮತಿ ಹೊರಗೆ ಬಂದು ಓಣಿಯ ನಡುವೆ ನಿಂತಳು. ನಲ್ಲಿಯ ಹತ್ತಿರ ಕೊಡ ಹಿಡಿದವರು ತಿರುಗಿ ನೋಡಿದರು. ದನಿ ಎತ್ತಿ ಮಾತಾಡಿ ಎಷ್ಟು ವರ್ಷವಾಗಿತ್ತೋ.

"ಗುರುಶಾಂತ ಕಮ್ಮಾರ ಕಳ್ಳ ಅಲ್ಲ," ಎಂದಳು. "ತಪ್ಪು ನಂದು."

ಒಂದು ಬಾಗಿಲು ತೆರೆಯಿತು. ಇನ್ನೊಂದು ತೆರೆಯಲಿಲ್ಲ.

"ಇನ್ನೂ ಜೋರಾಗಿ," ಎಂದಳು ಕಾಶವ್ವ ಒಳಗಿನಿಂದ.